ರೋಗನಿರೋಧಕ ಕೋಶಗಳ ಒಳಬಲ

ಅಂಗಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯದೆ ಬಿಟ್ಟರೆ ಆ ಜಾಗ ಕೆಂಪಾಗಿ ಊದಿಕೊಂಡು, ಕೆಲವು ದಿನಗಳಲ್ಲಿ ಕೀವು ಕಟ್ಟುವುದನ್ನು ಎಲ್ಲರೂ ಬಲ್ಲರು. ಈ ಕೀವಿನಲ್ಲಿ ಹೆಚ್ಚಾಗಿ ಇರುವುದು ರೋಗಾಣುಗಳೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳು. ರಕ್ತದ ಹರಿವಿನಲ್ಲಿ ಸಾಗುತ್ತಿದ್ದ ಈ ಕಣಗಳು ಗಾಯದ ಬಳಿಯೇ ಹೇಗೆ ನಿಂತವು? ರಕ್ತನಾಳದ ಗೋಡೆಯನ್ನು ದಾಟಿ ಹೇಗೆ ಹೊರಬಂದವು? ಯಾವುದು ತಮ್ಮದು, ಯಾವುದು ಪರಕೀಯ ಎಂಬುದನ್ನು ನಮ್ಮ ರೋಗನಿರೋಧಕ ಕೋಶಗಳು ಹೇಗೆ ನಿರ್ಧರಿಸುತ್ತವೆ?

ಈ ಪ್ರಶ್ನೆಗಳಿಗೆ ಬಹುಕಾಲ ಉತ್ತರ ದೊರೆತುದು ರಸಾಯನಶಾಸ್ತ್ರದಿಂದ. ಕೋಶದ ಮೇಲ್ಮೈಯಲ್ಲಿರುವ ಗ್ರಾಹಕವೆಂಬ ಅಣುವಿಗೆ ರೋಗಾಣುವಿನ ಅಣುವು ಬೀಗಕ್ಕೆ ಬೀಗದ ಕೈ ಹೊಂದುವಂತೆ ಹೊಂದಿದರೆ ಕೋಶವು ಎಚ್ಚರಗೊಳ್ಳುತ್ತದೆ ಎಂಬುದು ಆ ವಿವರಣೆ. ಅದು ಇಂದಿಗೂ ಸರಿಯೇ. ಆದರೆ ಅಷ್ಟೇ ಸಾಲದು ಎಂಬುದು ಈ ಶತಮಾನದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ರೋಗನಿರೋಧಕ ಕೋಶಗಳು ತಾವು ಮುಟ್ಟಿದುದನ್ನು ಎಳೆಯುತ್ತವೆ, ಒತ್ತುತ್ತವೆ, ಜಗ್ಗಿ ನೋಡುತ್ತವೆ. ಹಾಗೆ ಜಗ್ಗಿದಾಗ ದೊರೆಯುವ ಅನುಭವವೂ ಅವುಗಳ ತೀರ್ಮಾನದ ಒಂದು ಭಾಗ. ಈ ಒಳಬಲವು ಇಲ್ಲವಾದಾಗ ಮಗುವಿನ ಪ್ರಾಣಕ್ಕೇ ಅಪಾಯ ಒದಗಬಹುದು.

ಎರಡು ದೃಷ್ಟಿಗಳು

1882ರಲ್ಲಿ ರಷ್ಯಾದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿದ್ದರು. ಕಡಲಿನ ನಕ್ಷತ್ರಮೀನಿನ ಮರಿಗಳು ಗಾಜಿನಂತೆ ಪಾರದರ್ಶಕವಾದವು. ಅವುಗಳ ಮೈಯೊಳಗೆ ಮೆಚ್ನಿಕಾಫ್ ಗುಲಾಬಿ ಗಿಡದ ಮುಳ್ಳುಗಳನ್ನು ಚುಚ್ಚಿಟ್ಟರು. ಮರುದಿನ ನೋಡಿದಾಗ, ಚಲಿಸಬಲ್ಲ ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಪರಕೀಯ ವಸ್ತುವನ್ನು ನುಂಗಲೆತ್ನಿಸುವ ಇಂತಹ ಕೋಶಗಳಿಗೆ ‘ಭಕ್ಷಕ ಕೋಶ’ಗಳೆಂಬ ಹೆಸರು ಬಂದಿತು.

ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರು ರಕ್ತದ್ರವದಲ್ಲಿರುವ ಪ್ರತಿಕಾಯಗಳನ್ನು ಕುರಿತು ಕೆಲಸ ಮಾಡಿ, ರೋಗನಿರೋಧವೆಂದರೆ ಅಣು ಅಣುಗಳ ರಾಸಾಯನಿಕ ಬಂಧನವೆಂದು ಪ್ರತಿಪಾದಿಸಿದರು. 1908ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಈ ಇಬ್ಬರಿಗೂ ಹಂಚಲಾಯಿತು. ಒಬ್ಬರು ಕಂಡದ್ದು ಕೋಶದ ಚಲನೆ, ಇನ್ನೊಬ್ಬರು ಕಂಡದ್ದು ಅಣುವಿನ ಹೊಂದಾಣಿಕೆ. ಇವೆರಡೂ ಒಂದೇ ಕ್ರಿಯೆಯ ಎರಡು ಮುಖಗಳೆಂಬುದು ಈಗ ತಿಳಿದುಬರುತ್ತಿದೆ.

ಕೋಶದೊಳಗಿನ ಹುರಿ ಮತ್ತು ರಾಟೆ

ನಮ್ಮ ತೋಳಿನ ಸ್ನಾಯುವನ್ನು ಕುಗ್ಗಿಸುವ ಎರಡು ಮುಖ್ಯ ಪ್ರೋಟೀನುಗಳು ಆಕ್ಟಿನ್ ಮತ್ತು ಮಯೋಸಿನ್. ಸ್ನಾಯುವಲ್ಲದ ಕೋಶಗಳಲ್ಲಿಯೂ ಇವು ಇವೆ. ಆಕ್ಟಿನ್ ಅಣುಗಳು ಒಂದಕ್ಕೊಂದು ಸೇರಿ ತೆಳುವಾದ ಹುರಿಗಳಾಗುತ್ತವೆ. ಈ ಹುರಿಗಳು ಕೋಶಪೊರೆಯ ಒಳಭಾಗದಲ್ಲಿ ಜಾಲದಂತೆ ಹರಡಿಕೊಂಡಿರುತ್ತವೆ. ಹುರಿಯ ತುದಿಗೆ ಹೊಸ ಅಣುಗಳು ಸೇರುತ್ತ ಹೋದಂತೆ ಪೊರೆಯು ಹೊರಕ್ಕೆ ತಳ್ಳಲ್ಪಡುತ್ತದೆ. ಮಯೋಸಿನ್ ಈ ಹುರಿಗಳನ್ನು ಹಿಡಿದು ಒಳಕ್ಕೆ ಸೆಳೆಯುತ್ತದೆ. ಹೀಗೆ ತಳ್ಳುವ ಮತ್ತು ಎಳೆಯುವ ಎರಡೂ ಸಾಮರ್ಥ್ಯಗಳು ಒಂದೇ ಕೋಶದಲ್ಲಿವೆ. ಬಾವಿಯ ಹಗ್ಗ ಮತ್ತು ರಾಟೆಯ ವ್ಯವಸ್ಥೆಗೆ ಇದನ್ನು ಹೋಲಿಸಬಹುದು. ಆದರೆ ಇಲ್ಲಿ ಹಗ್ಗವು ಬೇಕಾದಾಗ ಹೆಣೆಯಲ್ಪಡುತ್ತದೆ, ಬೇಡವಾದಾಗ ಬಿಚ್ಚಿಹೋಗುತ್ತದೆ.

ಈ ಬಲಗಳ ಪ್ರಮಾಣ ಅತ್ಯಲ್ಪ. ಸುಮಾರು 100 ಗ್ರಾಂ ತೂಕದ ಒಂದು ಹಣ್ಣನ್ನು ಅಂಗೈಯಲ್ಲಿ ಹಿಡಿದರೆ ಅದು ಒತ್ತುವ ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಪಿಕೋನ್ಯೂಟನ್ ಎಂದು ಹೆಸರು. ಒಂದು ಮಯೋಸಿನ್ ಅಣು ಉಂಟುಮಾಡಬಲ್ಲ ಎಳೆತವು ಕೆಲವೇ ಪಿಕೋನ್ಯೂಟನ್‌ಗಳಷ್ಟು. ಆದರೆ ಎರಡು ಅಣುಗಳ ನಡುವಣ ಬಂಧವನ್ನು ಅಲುಗಿಸಿ ಪರೀಕ್ಷಿಸಲು ಇಷ್ಟು ಬಲ ಸಾಕು.

ಜಗ್ಗಿದಷ್ಟೂ ಬಿಗಿಯುವ ಹಿಡಿತ

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ಅತಿ ಹೆಚ್ಚಿನ ಸಂಖ್ಯೆಯವು ನ್ಯೂಟ್ರೋಫಿಲ್‌ಗಳು. ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮೈಕ್ರಾನ್ ಎನ್ನುತ್ತಾರೆ. ನ್ಯೂಟ್ರೋಫಿಲ್ ಒಂದರ ಅಗಲ ಸುಮಾರು 10 ಮೈಕ್ರಾನ್‌ಗಳಾದರೆ, ಅದು ಹಾದುಹೋಗಬೇಕಾದ ಶ್ವಾಸಕೋಶದ ಲೋಮನಾಳಗಳಲ್ಲಿ ಅನೇಕವು ಅದಕ್ಕಿಂತ ಕಿರಿದಾದವು. ಆದಕಾರಣ ಈ ಕೋಶವು ಮೈಯನ್ನು ಹಿಂಡಿಕೊಂಡೇ ಮುಂದೆ ಸಾಗಬೇಕು. ಅದರ ನ್ಯೂಕ್ಲಿಯಸ್ ಇಡಿಯಾದ ಗುಂಡಾಗಿರದೆ ಹಲವು ಹಾಲೆಗಳಾಗಿ ಒಡೆದಿರುವುದರಿಂದ ಇಕ್ಕಟ್ಟಿನಲ್ಲಿ ನುಸುಳುವುದು ಸುಲಭವಾಗುತ್ತದೆ.

ಅಂಗಾಂಶದಲ್ಲಿ ಸೋಂಕು ಉಂಟಾದಾಗ ಅಲ್ಲಿನ ರಕ್ತನಾಳದ ಒಳಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಅಂಟು ಅಣುಗಳು ಮೂಡುತ್ತವೆ. ಹರಿಯುವ ನ್ಯೂಟ್ರೋಫಿಲ್ ಇವುಗಳಿಗೆ ತಗುಲಿ, ವೇಗ ಕಳೆದುಕೊಂಡು, ಗೋಡೆಯ ಮೇಲೆ ಉರುಳತೊಡಗುತ್ತದೆ. ಎಳೆತ ಹೆಚ್ಚಾದಂತೆ ಬಂಧವು ಬೇಗ ಬಿಡಬೇಕೆಂಬುದು ಸಾಮಾನ್ಯ ನಿರೀಕ್ಷೆ. 2003ರಲ್ಲಿ ಪ್ರಕಟವಾದ ಪ್ರಯೋಗಗಳು ಇದಕ್ಕೆ ವಿರುದ್ಧವಾದ ಸಂಗತಿಯನ್ನು ತೋರಿಸಿದವು. ಒಂದು ಮಿತಿಯವರೆಗೆ ಎಳೆತ ಹೆಚ್ಚಿದಂತೆ ಸೆಲೆಕ್ಟಿನ್ ಬಂಧವು ಹೆಚ್ಚು ಹೊತ್ತು ನಿಲ್ಲುತ್ತದೆ. ಮಿತಿ ಮೀರಿದ ಮೇಲೆ ಮಾತ್ರ ಕಳಚಿಕೊಳ್ಳುತ್ತದೆ. ಜಗ್ಗಿದಷ್ಟೂ ಬಿಗಿಯುವ ಜೀರುಗುಣಿಕೆಯ ಗಂಟನ್ನು ಬಲ್ಲವರಿಗೆ ಇದರ ಮರ್ಮ ತಿಳಿಯದಿರದು. ರಕ್ತದ ಹರಿವು ತರುವ ಎಳೆತವೇ ಇಲ್ಲಿ ಹಿಡಿತವನ್ನು ಗಟ್ಟಿಗೊಳಿಸುತ್ತದೆ.

ಉರುಳುವ ಕೋಶವು ಬಳಿಕ ಇಂಟೆಗ್ರಿನ್ ಎಂಬ ಇನ್ನೂ ಬಲವಾದ ಅಂಟು ಅಣುಗಳ ಮೂಲಕ ಗೋಡೆಗೆ ಕಚ್ಚಿಕೊಳ್ಳುತ್ತದೆ. ಒಳಗಿನ ಆಕ್ಟಿನ್ ಜಾಲವು ಈ ಇಂಟೆಗ್ರಿನ್‌ಗಳನ್ನು ಎಳೆದು ಹಿಡಿದಾಗ ಅವು ಪೂರ್ಣ ಕ್ರಿಯಾಶೀಲವಾಗುತ್ತವೆ. ಅನಂತರ ಕೋಶವು ಮೈ ಚಪ್ಪಟೆ ಮಾಡಿಕೊಂಡು ಗೋಡೆಯ ಸಂದಿಯಲ್ಲಿ ನುಸುಳಿ ಗಾಯದ ಕಡೆಗೆ ಹರಿದಾಡುತ್ತದೆ.

ಟಿ ಕೋಶದ ಪರೀಕ್ಷೆ

ಟಿ ಕೋಶಗಳ ಜವಾಬ್ದಾರಿ ಇನ್ನೂ ಸೂಕ್ಷ್ಮವಾದುದು. ದೇಹದ ಬಹುತೇಕ ಪ್ರತಿಯೊಂದು ಕೋಶವೂ ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಪ್ರದರ್ಶಿಸುತ್ತಿರುತ್ತದೆ. ಅವುಗಳಲ್ಲಿ ಬಹುತೇಕ ಎಲ್ಲವೂ ನಮ್ಮವೇ. ವೈರಸ್ ಹೊಕ್ಕಿದ ಕೋಶದಲ್ಲಿಯೂ ಸಾವಿರಾರು ಸ್ವಂತ ತುಣುಕುಗಳ ನಡುವೆ ಪರಕೀಯ ತುಣುಕುಗಳು ಬೆರಳೆಣಿಕೆಯಷ್ಟು ಇರಬಹುದು. ಟಿ ಕೋಶವು ಅವುಗಳನ್ನು ಗುರುತಿಸಬೇಕು. ಆದರೆ ಸ್ವಂತ ತುಣುಕನ್ನು ತಪ್ಪಾಗಿ ಪರಕೀಯವೆಂದು ಬಗೆಯಬಾರದು. ಮೊದಲನೆಯದರಲ್ಲಿ ಸೋತರೆ ಸೋಂಕು ಹರಡುತ್ತದೆ. ಎರಡನೆಯದರಲ್ಲಿ ಸೋತರೆ ದೇಹವು ತನ್ನ ಮೇಲೆ ತಾನೇ ದಾಳಿ ಮಾಡಿಕೊಳ್ಳುತ್ತದೆ.

ಸಂತೆಯಲ್ಲಿ ಮಡಕೆ ಕೊಳ್ಳುವವರು ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಹಣ ಕೊಡುವುದಿಲ್ಲ. ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಿ ಕೋಶವೂ ತಾನು ಮುಟ್ಟಿದ ತುಣುಕನ್ನು ತನ್ನ ಗ್ರಾಹಕದ ಮೂಲಕ ಎಳೆದು ನೋಡುತ್ತದೆ. ಈ ಗ್ರಾಹಕವು ಬಲವನ್ನು ಗ್ರಹಿಸಬಲ್ಲ ಸಾಧನವೆಂಬ ಅಂಶವು 2009ರಲ್ಲಿ ಪ್ರಕಟವಾಯಿತು. ಅಮೆರಿಕದ ಅಟ್ಲಾಂಟಾ ನಗರದ ಸಂಶೋಧಕರು 2014ರಲ್ಲಿ, ಕೋಶವನ್ನು ಪ್ರಚೋದಿಸಬಲ್ಲ ತುಣುಕುಗಳೊಡನೆ ಗ್ರಾಹಕದ ಬಂಧವು ಸುಮಾರು 10 ಪಿಕೋನ್ಯೂಟನ್ ಎಳೆತದಲ್ಲಿ ಹೆಚ್ಚು ಕಾಲ ನಿಲ್ಲುವುದನ್ನೂ, ನಿರುಪಯುಕ್ತ ತುಣುಕುಗಳೊಡನೆ ಅದು ಬೇಗ ಕಳಚುವುದನ್ನೂ ಅಳೆದರು.

ಇಷ್ಟು ಸಣ್ಣ ಬಲವನ್ನು ಅಳೆಯುವ ಉಪಾಯವೂ ಕುತೂಹಲಕರವಾದುದು. 2016ರಲ್ಲಿ ಅದೇ ನಗರದ ಇನ್ನೊಂದು ತಂಡವು ಮಡಿಸಿದ ಡಿ.ಎನ್.ಎ. ಎಳೆಗಳನ್ನು ಗಾಜಿನ ಮೇಲೆ ನಾಟಿ, ಅವುಗಳ ತುದಿಗೆ ಟಿ ಕೋಶವು ಗುರುತಿಸುವ ತುಣುಕನ್ನು ಜೋಡಿಸಿತು. ನಿಗದಿತ ಬಲ ಬಿದ್ದಾಗ ಮಾತ್ರ ಮಡಿಕೆ ಬಿಚ್ಚಿಕೊಂಡು ಬೆಳಕು ಬೀರುವಂತೆ ಆ ಎಳೆಗಳನ್ನು ರೂಪಿಸಲಾಗಿತ್ತು. ಟಿ ಕೋಶಗಳ ಎಳೆತವು 12ರಿಂದ 19 ಪಿಕೋನ್ಯೂಟನ್‌ಗಳಷ್ಟು ಎಂದು ಇದರಿಂದ ತಿಳಿಯಿತು. ಅಷ್ಟು ಬಲವನ್ನು ತಡೆಯಲಾರದೆ ಹರಿದುಹೋಗುವ ಎಳೆಗಳನ್ನು ಬಳಸಿದಾಗ, ಸರಿಯಾದ ತುಣುಕನ್ನೂ ಅದನ್ನು ಹೋಲುವ ತುಣುಕನ್ನೂ ಬೇರ್ಪಡಿಸಿ ಗುರುತಿಸುವ ಕೋಶದ ಶಕ್ತಿ ಕುಂದಿತು. ಎಳೆದು ನೋಡಲಾಗದ ಟಿ ಕೋಶದ ವಿವೇಚನೆ ಮಂಕಾಗುತ್ತದೆ ಎಂದರ್ಥ. ಎಲ್ಲ ಪ್ರಯೋಗಶಾಲೆಗಳ ಅಳತೆಗಳೂ ಪರಸ್ಪರ ಹೊಂದಿಲ್ಲವಾದ್ದರಿಂದ ಈ ವಿಷಯದಲ್ಲಿ ಚರ್ಚೆ ಮುಂದುವರಿದಿದೆ ಎಂಬುದನ್ನೂ ಹೇಳಬೇಕು.

ಕಿತ್ತುಕೊಳ್ಳುವ ಬಿ ಕೋಶ, ಹಿಗ್ಗಿಸುವ ಸಂಹಾರಕ ಕೋಶ

ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳ ಕೆಲಸ. ಲಸಿಕೆ ಹಾಕಿಸಿಕೊಂಡ ಬಳಿಕ ದಿನ ಕಳೆದಂತೆ ಉತ್ತಮವಾಗಿ ಅಂಟಬಲ್ಲ ಪ್ರತಿಕಾಯಗಳು ಉಂಟಾಗುವುದು ಬಿ ಕೋಶಗಳ ನಡುವೆ ನಡೆಯುವ ಆಯ್ಕೆಯಿಂದ. ಈ ಆಯ್ಕೆಯಲ್ಲಿಯೂ ಬಲಪರೀಕ್ಷೆಯಿದೆ ಎಂದು ಲಂಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಬಿ ಕೋಶವು ಮತ್ತೊಂದು ಕೋಶದ ಮೇಲ್ಮೈಯಲ್ಲಿರುವ ಪ್ರತಿಜನಕವನ್ನು ಹಿಡಿದು, ಮಯೋಸಿನ್‌ನ ನೆರವಿನಿಂದ ಜಗ್ಗಿ ಕಿತ್ತುಕೊಳ್ಳಲು ಯತ್ನಿಸುತ್ತದೆ. ಹಿಡಿತ ದುರ್ಬಲವಾಗಿದ್ದರೆ ಬಂಧ ಕಳಚಿ ಕೋಶಕ್ಕೆ ಏನೂ ದಕ್ಕುವುದಿಲ್ಲ. ಹಿಡಿತ ಗಟ್ಟಿಯಾಗಿದ್ದರೆ ಪ್ರತಿಜನಕವು ಪೊರೆಯ ಚೂರಿನೊಡನೆ ಕಿತ್ತುಬರುತ್ತದೆ. ಹೀಗೆ ಹೆಚ್ಚು ಗಳಿಸಿದ ಕೋಶಕ್ಕೆ ಟಿ ಕೋಶಗಳ ನೆರವು ದೊರೆತು, ಅದರ ಸಂತತಿ ಬೆಳೆಯುತ್ತದೆ.

ಸೋಂಕು ತಗುಲಿದ ಕೋಶವನ್ನು ಕೊಲ್ಲುವ ಸಂಹಾರಕ ಟಿ ಕೋಶಗಳ ವಿಷಯವೂ ಹೀಗೆಯೇ. ಇವು ಪರ್ಫೊರಿನ್ ಎಂಬ ಪ್ರೋಟೀನನ್ನು ಸುರಿದು ಎದುರಾಳಿಯ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಸಂಹಾರಕ ಕೋಶವು ಎದುರಾಳಿಯ ಪೊರೆಯನ್ನು ಬಲದಿಂದ ಹಿಗ್ಗಿಸುತ್ತದೆಯೆಂದೂ, ಬಿಗಿದು ಹಿಗ್ಗಿದ ಪೊರೆಯಲ್ಲಿ ರಂಧ್ರಗಳು ಹೆಚ್ಚು ಸುಲಭವಾಗಿ ಮೂಡುತ್ತವೆಯೆಂದೂ 2016ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ವರದಿ ಮಾಡಿದರು.

ಕ್ಯಾನ್ಸರ್ ಚಿಕಿತ್ಸೆಗೂ ಇದಕ್ಕೂ ಸಂಬಂಧವಿದೆ. ಅನೇಕ ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಮೃದುವಾಗಿರುತ್ತವೆ. ಸಡಿಲವಾದ ಚೀಲವನ್ನು ಸೂಜಿಯಿಂದ ಚುಚ್ಚುವುದು ಕಷ್ಟವಾದಂತೆ, ಮೃದುವಾದ ಕೋಶದ ಮೇಲೆ ಸಂಹಾರಕ ಕೋಶದ ಬಲ ಸರಿಯಾಗಿ ನಾಟುವುದಿಲ್ಲ. ಕ್ಯಾನ್ಸರ್ ಕೋಶಗಳ ಪೊರೆಯಿಂದ ಕೊಲೆಸ್ಟೆರಾಲ್ ಅಂಶವನ್ನು ತೆಗೆದು ಅವುಗಳನ್ನು ಗಡುಸಾಗಿಸಿದಾಗ ಟಿ ಕೋಶಗಳು ಅವನ್ನು ಹೆಚ್ಚು ಪರಿಣಾಮಕಾರಿಯಾಗಿ ಕೊಂದುವೆಂದು 2021ರಲ್ಲಿ ಪ್ರಕಟವಾದ, ಇಲಿಗಳ ಮೇಲೂ ನಡೆಸಿದ ಪ್ರಯೋಗಗಳು ತಿಳಿಸಿದವು. ಇದು ಇನ್ನೂ ಪ್ರಯೋಗದ ಹಂತದ ಮಾತು. ನಮ್ಮ ದೇಶದಲ್ಲಿ ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಮರಳಿ ನೀಡುವ ‘ಕಾರ್-ಟಿ’ ಚಿಕಿತ್ಸೆಯನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಲ್ಲಿ ರೂಪಿಸಲಾಗಿದ್ದು, ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ 2023ರಲ್ಲಿ ಅನುಮತಿ ದೊರೆಯಿತು. ಇಂತಹ ಚಿಕಿತ್ಸೆಗಳು ಗಟ್ಟಿ ಗೆಡ್ಡೆಗಳ ಮೇಲೂ ಫಲಕಾರಿಯಾಗಬೇಕಾದರೆ, ಟಿ ಕೋಶಗಳ ಬಲ ಮತ್ತು ಗೆಡ್ಡೆಯ ಗಡಸುತನಗಳ ಅರಿವು ಉಪಯೋಗಕ್ಕೆ ಬರಬಹುದೆಂಬ ನಿರೀಕ್ಷೆಯಿದೆ.

ಒತ್ತಡವನ್ನು ಅರಿಯುವ ಬಾಗಿಲು

ಕೋಶವು ತಾನು ಬಲ ಪ್ರಯೋಗಿಸುವುದಲ್ಲದೆ ಹೊರಗಿನ ಒತ್ತಡವನ್ನೂ ಅರಿಯುತ್ತದೆ. ಅಮೆರಿಕದಲ್ಲಿ ಅರ್ಡೆಮ್ ಪಟಪೌಟಿಯನ್ ಅವರ ತಂಡವು 2010ರಲ್ಲಿ ಪಿಯೆಜೊ-1 ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ಕೋಶಪೊರೆಯು ಬಿಗಿದಾಗ ಈ ಪ್ರೋಟೀನಿನ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇಂತಹ ಶೋಧಗಳಿಗಾಗಿ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪಟಪೌಟಿಯನ್ ಮತ್ತು ಡೇವಿಡ್ ಜೂಲಿಯಸ್ ಅವರಿಗೆ ನೀಡಲಾಯಿತು.

ಉಸಿರಾಟದೊಡನೆ ಶ್ವಾಸಕೋಶವು ಸದಾ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಅಲ್ಲಿರುವ ಭಕ್ಷಕ ಕೋಶಗಳ ಗತಿಯೂ ಅದೇ. ಇವುಗಳಲ್ಲಿ ಪಿಯೆಜೊ-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ, ಬ್ಯಾಕ್ಟೀರಿಯಾ ಸೋಂಕಿನ ಎದುರು ಉರಿಯೂತದ ಪ್ರತಿಕ್ರಿಯೆ ಕುಂಠಿತವಾಯಿತೆಂದು 2019ರ ಸಂಶೋಧನೆಯೊಂದು ತೋರಿಸಿತು. ಶ್ವಾಸಕೋಶ ನಾರುಗಟ್ಟುವ ಕಾಯಿಲೆಯ ಇಲಿಗಳಲ್ಲಿಯೂ ಈ ಪ್ರೋಟೀನು ಇಲ್ಲದಾಗ ಉರಿಯೂತ ತಗ್ಗಿತು. ಒಂದೇ ಬಾಗಿಲು ಒಂದು ಸಂದರ್ಭದಲ್ಲಿ ಉಪಕಾರಿ, ಮತ್ತೊಂದರಲ್ಲಿ ಅಪಕಾರಿ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಒಳಬಲ ಕೈಕೊಟ್ಟಾಗ

ಮೇಲೆ ವಿವರಿಸಿದ ಸಂಗತಿಗಳು ಪ್ರಯೋಗಶಾಲೆಯ ಕುತೂಹಲಕ್ಕೆ ಸೀಮಿತವಲ್ಲವೆಂಬುದಕ್ಕೆ ಎರಡು ಅಪರೂಪದ ಆನುವಂಶಿಕ ಕಾಯಿಲೆಗಳು ಸಾಕ್ಷಿ.

ಮೊದಲನೆಯದು ವಿಸ್ಕಾಟ್-ಆಲ್‌ಡ್ರಿಚ್ ಕಾಯಿಲೆ. ಜರ್ಮನಿಯ ವೈದ್ಯ ಆಲ್ಫ್ರೆಡ್ ವಿಸ್ಕಾಟ್ 1937ರಲ್ಲಿ ಒಂದೇ ಮನೆಯ ಮೂವರು ಗಂಡುಮಕ್ಕಳಲ್ಲಿ ರಕ್ತಸ್ರಾವ, ಇಸುಬು ಮತ್ತು ಪದೇ ಪದೇ ಬರುವ ಸೋಂಕು ಈ ಮೂರನ್ನೂ ಗುರುತಿಸಿದರು. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್‌ಡ್ರಿಚ್, ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ಕಾಯಿಲೆಯೆಂದು ತೋರಿಸಿದರು. ಕಾರಣವಾದ ಜೀನು 1994ರಲ್ಲಿ ಪತ್ತೆಯಾಯಿತು. ಆಕ್ಟಿನ್ ಹುರಿಗಳನ್ನು ಹೆಣೆಯಲು ಆದೇಶ ನೀಡುವ ಪ್ರೋಟೀನು ಈ ಜೀನಿನಿಂದ ಬರುತ್ತದೆ. ಅದು ಇಲ್ಲದ ಟಿ ಕೋಶಕ್ಕೆ ಎದುರಾಳಿಯನ್ನು ಬಿಗಿಯಾಗಿ ಹಿಡಿದು ಪರೀಕ್ಷಿಸುವುದು ಸಾಧ್ಯವಾಗದು. ಭಕ್ಷಕ ಕೋಶಗಳ ಚಲನೆಯೂ ಕುಂದುತ್ತದೆ. ಇದೇ ಪ್ರೋಟೀನು ಸದಾ ಚುರುಕಾಗಿರುವಂತೆ ಜೀನು ಬದಲಾದರೂ ತೊಂದರೆಯೇ. ಆಗ ನ್ಯೂಟ್ರೋಫಿಲ್‌ಗಳ ಸಂಖ್ಯೆ ತೀವ್ರವಾಗಿ ಇಳಿಯುತ್ತದೆಂದು 2001ರಲ್ಲಿ ತಿಳಿದುಬಂದಿತು. ಬಲವು ಕಡಿಮೆಯಾಗುವುದೂ ಅತಿಯಾಗುವುದೂ ಹಾನಿಕರ.

ಎರಡನೆಯದು ಬಿಳಿ ರಕ್ತಕಣಗಳ ಅಂಟಿಕೆಯ ಕೊರತೆ. ಇದರಲ್ಲಿ ಇಂಟೆಗ್ರಿನ್ ಅಣುವಿನ ಒಂದು ಭಾಗ ದೋಷಪೂರಿತವಾಗಿರುತ್ತದೆ. ರಕ್ತದಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆ ವಿಪರೀತ ಹೆಚ್ಚಿದ್ದರೂ ಅವು ನಾಳದ ಗೋಡೆಯನ್ನು ಕಚ್ಚಿಕೊಳ್ಳಲಾರವು, ಹೊರಬರಲಾರವು. ಗಾಯವಾದರೆ ಕೀವು ಕಟ್ಟುವುದಿಲ್ಲ, ಬೇಗ ಮಾಯುವುದೂ ಇಲ್ಲ. ಕೀವು ಕಾಣದಿರುವುದು ಇಲ್ಲಿ ಆರೋಗ್ಯದ ಲಕ್ಷಣವಲ್ಲ. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ಈ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ಹತ್ತಿರದ ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು.

ತಂದೆತಾಯಿಯರು ಗಮನಿಸಬೇಕಾದುದು

ಈ ಎರಡೂ ಕಾಯಿಲೆಗಳು ವಿರಳವಾದವು. ಸಾಮಾನ್ಯ ನೆಗಡಿ, ಕೆಮ್ಮು ಬಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಆದರೆ ಕೆಳಗಿನ ಲಕ್ಷಣಗಳು ಕಂಡರೆ ಮಕ್ಕಳ ವೈದ್ಯರನ್ನು ತಡಮಾಡದೆ ಕಾಣಬೇಕು:

— ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಬೀಳುವ ಹೊಕ್ಕುಳಬಳ್ಳಿಯು ಮೂರು ನಾಲ್ಕು ವಾರ ಕಳೆದರೂ ಬೀಳದಿರುವುದು, ಅಥವಾ ಹೊಕ್ಕುಳ ಸುತ್ತ ಸೋಂಕಾಗುವುದು.
— ಗಂಡುಮಗುವಿನ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆಗಳು, ಮಲದಲ್ಲಿ ರಕ್ತ, ಜೊತೆಗೆ ಇಸುಬು.
— ಕಿವಿ, ಶ್ವಾಸಕೋಶ ಅಥವಾ ಚರ್ಮದ ಸೋಂಕು ಮತ್ತೆ ಮತ್ತೆ ಮರುಕಳಿಸುವುದು, ಗಾಯ ಮಾಯದಿರುವುದು.
— ಕುಟುಂಬದಲ್ಲಿ ಹಿಂದೆ ಶಿಶುಗಳು ಸೋಂಕಿನಿಂದ ತೀರಿಕೊಂಡಿರುವುದು.

ಸಾಧಾರಣ ರಕ್ತಪರೀಕ್ಷೆಯೇ ಮೊದಲ ಸುಳಿವನ್ನು ನೀಡಬಲ್ಲದು. ವಿಸ್ಕಾಟ್-ಆಲ್‌ಡ್ರಿಚ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಗಾತ್ರವೂ ಕಡಿಮೆಯಿರುತ್ತವೆ. ಅಂಟಿಕೆಯ ಕೊರತೆಯಲ್ಲಿ ಬಿಳಿ ಕಣಗಳ ಸಂಖ್ಯೆ ಬಹಳ ಹೆಚ್ಚಿರುತ್ತದೆ. ಆರೋಗ್ಯವಂತ ಮಕ್ಕಳಿಗೆಲ್ಲ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಆದರೆ ಇಂತಹ ಕಾಯಿಲೆಯ ಸಂಶಯವಿರುವ ಶಿಶುವಿಗೆ ಬಿ.ಸಿ.ಜಿ., ಬಾಯಿಯ ಮೂಲಕ ನೀಡುವ ಪೋಲಿಯೋ ಹನಿಗಳಂತಹ ಸಜೀವ ಲಸಿಕೆಗಳನ್ನು ನೀಡುವ ಮುನ್ನ ವೈದ್ಯರಿಗೆ ವಿಷಯ ತಿಳಿಸುವುದು ಅವಶ್ಯ.

ವಿಸ್ಕಾಟ್-ಆಲ್‌ಡ್ರಿಚ್ ಕಾಯಿಲೆಗೆ ಅಸ್ಥಿಮಜ್ಜೆಯ ಕಸಿಯನ್ನು ಮೊದಲು ಮಾಡಿದುದು 1968ರಲ್ಲಿ. ಹೊಂದುವ ದಾನಿ ದೊರೆತು, ಚಿಕ್ಕ ವಯಸ್ಸಿನಲ್ಲಿಯೇ ಕಸಿ ನಡೆದರೆ ಮಗು ಗುಣಹೊಂದುವ ಸಂಭವ ಹೆಚ್ಚು. ತೀವ್ರ ಸ್ವರೂಪದ ಅಂಟಿಕೆಯ ಕೊರತೆಗೂ ಅಸ್ಥಿಮಜ್ಜೆಯ ಕಸಿಯೇ ಮುಖ್ಯ ಚಿಕಿತ್ಸೆ. ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ವಿಸ್ಕಾಟ್-ಆಲ್‌ಡ್ರಿಚ್ ಕಾಯಿಲೆಯನ್ನು, ಒಮ್ಮೆ ನೀಡುವ ಚಿಕಿತ್ಸೆಯಿಂದ ವಾಸಿಯಾಗಬಲ್ಲ ಕಾಯಿಲೆಗಳ ಮೊದಲನೆಯ ಗುಂಪಿನಲ್ಲಿ ಸೇರಿಸಲಾಗಿದೆ. ನೀತಿಯನ್ವಯ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿಗಳವರೆಗೆ ನೆರವು ನೀಡಲು 2022ರಲ್ಲಿ ಅವಕಾಶ ಕಲ್ಪಿಸಲಾಯಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ಹೈದರಾಬಾದಿನ ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವು ಆ ವ್ಯವಸ್ಥೆಯಲ್ಲಿ ಸೇರಿವೆ. ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಲ್ಲಿ ಇಂತಹ ಕಾಯಿಲೆಗಳ ಪತ್ತೆಗೆ ಬೇಕಾದ ವಿಶೇಷ ಪರೀಕ್ಷೆಗಳ ಸೌಲಭ್ಯವಿದೆ.

ಮುಳ್ಳನ್ನು ಮುತ್ತಿದ ಕೋಶಗಳನ್ನು ಮೆಚ್ನಿಕಾಫ್ ಕಂಡ ಕಾಲದಲ್ಲಿ, ಅವುಗಳನ್ನು ಚಲಿಸುವಂತೆ ಮಾಡುವ ಬಲ ಯಾವುದೆಂದು ತಿಳಿದಿರಲಿಲ್ಲ. ಇಂದು ಆ ಬಲವನ್ನು ಪಿಕೋನ್ಯೂಟನ್‌ಗಳ ಲೆಕ್ಕದಲ್ಲಿ ಅಳೆಯಬಹುದಾಗಿದೆ. ಅದು ಯಾವ ಪ್ರೋಟೀನಿನಿಂದ ಬರುತ್ತದೆ, ಯಾವ ಜೀನು ತಪ್ಪಿದರೆ ಕುಂದುತ್ತದೆ ಎಂಬುದೂ ತಿಳಿದಿದೆ. ಈ ತಿಳಿವಳಿಕೆಯ ಪೂರ್ಣ ಪ್ರಯೋಜನವು ಮಗುವಿಗೆ ದೊರೆಯಬೇಕಾದರೆ, ಮನೆಯವರು ಲಕ್ಷಣಗಳನ್ನು ಸಕಾಲದಲ್ಲಿ ಗುರುತಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮೊದಲ ಹೆಜ್ಜೆ.